ಆಟದ ಅಂಗಳದಲ್ಲಿ ಶಿರವಸ್ತ್ರ: ನಿಯಮ ಪುಸ್ತಕಗಳು ಹೇಳುವುದೇನು?

ಹುಬ್ಬಳ್ಳಿ-ಲೋಂಡಾ ರೈಲುಮಾರ್ಗದಿಂದ ದಾಂಡೇಲಿಯ ಕಡೆಗೆ ಹಳಿ ಕವಲೊಡೆಯುವ ಜಂಕ್ಷನ್ ಅಳ್ನಾವರ. ಧಾರವಾಡ ಜಿಲ್ಲೆಯ ಬಯಲು ಮುಗಿದು ಕಾಡು ಮೊದಲಾಗುವ ಎಡೆಯಲ್ಲಿರುವ ಈ ಪಟ್ಟಣ, 2017ರ ರಾಜ್ಯ ಮುಂಗಡಪತ್ರದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದರ ಕೇಂದ್ರ. ಇಂಥ ಊರಿನ ಬಾಲಕಿಯರ ಕಬಡ್ಡಿ ತಂಡವೊಂದು ವಲಯ, ತಾಲ್ಲೂಕು ಮಟ್ಟಗಳನ್ನು ದಾಟಿ ಜಿಲ್ಲಾ ಪಂದ್ಯಕ್ಕೆ ಧಾರವಾಡಕ್ಕೆ ಬಂದಾಗ ನಿರ್ಣಾಯಕರು ಮೊದಲು ಪರೀಕ್ಷಿಸುವ ಸಂಗತಿಗಳು ಎಲ್ಲರಿಗೂ ತಿಳಿದಿರುವಂಥವೇ: ಉಗುರು ಕತ್ತರಿಸಿದೆಯೇ, ಬಳೆ-ಓಲೆ ತೆಗೆದಿದೆಯೇ, ಮೈಕೈಗೆ ಎಣ್ಣೆ ಸವರಿಲ್ಲವಷ್ಟೆ. ತಂಡದಲ್ಲಿ ತಲೆಗೆ ವಸ್ತ್ರ ಧರಿಸಿದ ಆಟಗಾರ್ತಿಯೊಬ್ಬಳಿದ್ದರೆ ಆಗೇನು? ಆಕೆಯನ್ನು ಆಡಿಸಬೇಕೆ, ವಸ್ತ್ರ ತೆಗೆಯಲು ಹೇಳಬೇಕೆ, ಹೊರಗೆ ಕೂರಿಸಬೇಕೆ?

ಈ ಪ್ರಶ್ನೆಗೆ ಪಂದ್ಯ ಆರಂಭವಾಗಲು ಐದು ನಿಮಿಷವಿರುವಾಗ ಉತ್ತರ ಹುಡುಕಿದಲ್ಲೆಲ್ಲ ಯಾರೋ ಒಬ್ಬರು ಆಡದೆ ಮನೆಗೆ ಮರಳಿದ್ದಾರೆ. ಕಳೆದ ಎರಡು ದಶಕಗಳಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ಸಂಸ್ಥೆಗಳು ತಮ್ಮ ನಿಯಮ ಪುಸ್ತಕಗಳನ್ನು ಒಂದೊಂದಾಗಿ ತಿದ್ದಿದ್ದರ ಹಿಂದೆ ಇಂಥ ಕಹಿ ಪ್ರಸಂಗಗಳೇ ಇವೆ.

ಶಾಲೆಯ ಸಮವಸ್ತ್ರ ಬೇರೆ, ಆಟದ ಉಡುಪು ಬೇರೆ

ಕರ್ನಾಟಕದಲ್ಲಿ ಶಿರವಸ್ತ್ರವೆಂದೊಡನೆ ನೆನಪಾಗುವುದು ಉಡುಪಿಯ ಸರ್ಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಿಂದ ಆರಂಭವಾದ ವಿವಾದ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಡಿ ಸರ್ಕಾರ 2022ರ ಫೆಬ್ರವರಿ 5ರಂದು ಸಮವಸ್ತ್ರ ಕುರಿತ ಆದೇಶ ಹೊರಡಿಸಿತು. ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ, ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಜೆ.ಎಂ. ಖಾಜಿ ಅವರಿದ್ದ ಹೈಕೋರ್ಟ್ ಪೂರ್ಣಪೀಠ ಮಾರ್ಚ್ 15ರಂದು ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಹೇಮಂತ್ ಗುಪ್ತಾ ಮತ್ತು ಸುಧಾಂಶು ಧೂಲಿಯಾ ಪರಸ್ಪರ ಭಿನ್ನವಾದ ತೀರ್ಪು ನೀಡಿ, ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಸೂಚಿಸಿದರು.

ಈ ವ್ಯಾಜ್ಯದ ವಸ್ತು ತರಗತಿಯ ಸಮವಸ್ತ್ರ. ಸ್ಪರ್ಧಾತ್ಮಕ ಕ್ರೀಡೆಯ ಉಡುಪು ಅದರ ಚರ್ಚೆಯ ಕೇಂದ್ರವಾಗಿರಲಿಲ್ಲ. ಆದರೂ ಎರಡನ್ನೂ ಒಂದೇ ಎಂದು ಭಾವಿಸುವ ಗೊಂದಲಕ್ಕೆ ಎಡೆಯಿದೆ. ಶಾಲಾ ಕ್ರೀಡಾಕೂಟಗಳು ಶಿಕ್ಷಣ ಇಲಾಖೆಯ ಆಶ್ರಯದಲ್ಲೇ ನಡೆಯುವುದರಿಂದ ಗೊಂದಲ ಇನ್ನಷ್ಟು ಸಹಜ. ಅಂಕಣದಲ್ಲಿ ಏನು ತೊಡಬಹುದು ಎಂಬುದನ್ನು ಹೇಳಬೇಕಾದದ್ದು ಆಯಾ ಆಟದ ನಿಯಮ ಪುಸ್ತಕ. ಅದು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಧರ್ಮಕ್ಕಿಂತ ಸರಳವಾದದ್ದು: ಇದರಿಂದ ತೊಟ್ಟವರಿಗೋ ಎದುರಾಳಿಗೋ ಪೆಟ್ಟಾದೀತೇ?

ಫುಟ್‌ಬಾಲ್: ಏಳು ವರ್ಷಗಳ ಹಗ್ಗಜಗ್ಗಾಟ

ಫುಟ್‌ಬಾಲ್ ನಿಯಮಗಳನ್ನು ರೂಪಿಸುವ ಅಂತಾರಾಷ್ಟ್ರೀಯ ಮಂಡಳಿಯ ಮುಂದೆ ಈ ವಿಷಯ ಬಂದದ್ದು 2007ರಲ್ಲಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಹನ್ನೊಂದರ ಹರೆಯದ ಬಾಲಕಿಯೊಬ್ಬಳನ್ನು ರೆಫರಿ ಮೈದಾನದಿಂದ ಹೊರಗೆ ಕಳುಹಿಸಿದ್ದರು. ಉಡುಪಿನ ಪಟ್ಟಿಯಲ್ಲಿ ಶಿರವಸ್ತ್ರವಿಲ್ಲ, ಆದ್ದರಿಂದ ಅದಕ್ಕೆ ಅನುಮತಿಯೂ ಇಲ್ಲ ಎಂಬರ್ಥದ ನಿಲುವನ್ನು ಮಂಡಳಿ ತಳೆಯಿತು. ಕುತ್ತಿಗೆಗೆ ಬಿಗಿದು ಅಪಾಯವಾದೀತೆಂಬ ವಾದವೂ ಜತೆಗೂಡಿತು. ಇದರ ಪೂರ್ಣ ಬೆಲೆ ತೆತ್ತದ್ದು ಇರಾನಿನ ಮಹಿಳಾ ತಂಡ. 2011ರ ಜೂನ್‌ನಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ, ಲಂಡನ್ ಒಲಿಂಪಿಕ್ಸ್ ಅರ್ಹತಾ ಪಂದ್ಯಕ್ಕೆ ತಲೆ ಮುಚ್ಚುವ ಉಡುಪಿನಲ್ಲಿ ಸಜ್ಜಾಗಿ ಬಂದ ಆಟಗಾರ್ತಿಯರಿಗೆ ಆಡಲು ಅವಕಾಶ ಸಿಗಲಿಲ್ಲ. ಪಂದ್ಯವನ್ನು ಜೋರ್ಡಾನಿಗೆ ಬಿಟ್ಟುಕೊಟ್ಟು ಅವರು ಮರಳಬೇಕಾಯಿತು.

ಇರಾನ್ ಸೋತ ಆ ಪಂದ್ಯದ ಲಾಭ ಪಡೆದ ಜೋರ್ಡಾನಿನ ರಾಜಕುಮಾರ ಅಲಿ ಬಿನ್ ಹುಸೇನ್ ಅವರೇ ನಿಷೇಧದ ವಿರುದ್ಧ ಫಿಫಾದೊಳಗೆ ದನಿಯೆತ್ತಿದರು. 2012ರ ಜುಲೈನಲ್ಲಿ ಪ್ರಾಯೋಗಿಕ ಅನುಮತಿ ದೊರೆಯಿತು. ಆ ಅವಧಿಯಲ್ಲಿ ನಿಷೇಧ ಮುಂದುವರಿಸಲು ಆಧಾರ ಕಾಣದೆ, 2014ರ ಮಾರ್ಚ್ 1ರಂದು ಅನುಮತಿಯನ್ನು ಕಾಯಂಗೊಳಿಸಲಾಯಿತು. ಅದು ಪುರುಷರಿಗೂ ಅನ್ವಯಿಸಿತು. 2013ರಲ್ಲಿ ಅದೇ ಕ್ವಿಬೆಕ್‌ನಲ್ಲಿ ಪೇಟ ಧರಿಸಿದ ಸಿಖ್ ಹುಡುಗರನ್ನು ತಡೆಯಲಾಗಿತ್ತು. ಅವರ ಹಾದಿಯೂ ಸುಗಮವಾಯಿತು. ಮಹಿಳಾ ವಿಶ್ವಕಪ್‌ನಲ್ಲಿ ಹಿಜಾಬ್ ಧರಿಸಿ ಆಡಿದ ಮೊದಲಿಗರೆಂದರೆ ಮೊರಾಕ್ಕೊದ ನುಹೈಲಾ ಬೆಂಝಿನಾ. ಅದು ನಡೆದದ್ದು 2023ರಲ್ಲಿ, ದಕ್ಷಿಣ ಕೊರಿಯಾ ವಿರುದ್ಧ.

ಪೇಟ ಕಳಚಿದ ಭಾರತೀಯರು

ಭಾರತೀಯ ಓದುಗರಿಗೆ ಹೆಚ್ಚು ಹತ್ತಿರವಾದ ಪ್ರಸಂಗ ಬ್ಯಾಸ್ಕೆಟ್‌ಬಾಲ್‌ನದು. 2014ರ ಜುಲೈನಲ್ಲಿ ಚೀನಾದ ವೂಹಾನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಅಮೃತ್‌ಪಾಲ್ ಸಿಂಗ್ ಮತ್ತು ಅಮ್‌ಜ್ಯೋತ್ ಸಿಂಗ್ ಅವರಿಗೆ ಪೇಟ ಕಳಚಿದರೆ ಮಾತ್ರ ಆಟವೆಂದು ಸೂಚಿಸಲಾಯಿತು. ಅವರು ಕಳಚಿ ಆಡಿದರು. ಆ ಟೂರ್ನಿಯಲ್ಲೇ ಭಾರತ ಆತಿಥೇಯ ಚೀನಾವನ್ನು ಸೋಲಿಸಿ ಬೆರಗು ಮೂಡಿಸಿತು. ಎರಡೇ ತಿಂಗಳ ನಂತರ, ಇಂಚೆನ್ ಏಷ್ಯನ್ ಕ್ರೀಡಾಕೂಟದಲ್ಲಿ ಕತಾರ್‌ನ ಮಹಿಳೆಯರಿಗೂ ಅದೇ ಸೂಚನೆ ಬಂತು. ಅವರು ಶಿರವಸ್ತ್ರ ತೆಗೆಯಲೊಪ್ಪದೆ ಮಂಗೋಲಿಯಾ ವಿರುದ್ಧದ ಪಂದ್ಯದಿಂದ ಹಿಂದೆ ಸರಿದರು. ಕಳಚಿ ಆಡಿದವರು, ಕಳಚದೆ ಮರಳಿದವರು, ಇಬ್ಬರ ಮುಂದಿದ್ದದ್ದೂ ಒಂದೇ ನಿಯಮ: ಅದು ಯಾವ ಧರ್ಮವನ್ನೂ ಹೆಸರಿಸಿರಲಿಲ್ಲ, ತಲೆಯ ಮೇಲೆ ಏನೂ ಕೂಡದು ಎಂದಷ್ಟೇ ಹೇಳುತ್ತಿತ್ತು.

ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ತಿದ್ದುಪಡಿಯನ್ನು 2017ರ ಅಕ್ಟೋಬರ್ 1ರಿಂದ ಜಾರಿಗೆ ತಂದಿತು. ತಲೆಯುಡುಪು ಕಪ್ಪು, ಬಿಳಿ ಇಲ್ಲವೇ ಜೆರ್ಸಿಯ ಪ್ರಧಾನ ಬಣ್ಣದ್ದಾಗಿರಬೇಕು, ತಂಡದಲ್ಲಿ ಅದನ್ನು ಧರಿಸುವ ಎಲ್ಲರದೂ ಒಂದೇ ಬಣ್ಣವಾಗಿರಬೇಕು, ಮುಖ ಮುಚ್ಚಬಾರದು, ಮುಖ ಮತ್ತು ಕುತ್ತಿಗೆಯ ಸುತ್ತ ಬಿಚ್ಚಿ-ಕಟ್ಟುವ ಭಾಗಗಳಾಗಲಿ ಹೊರಚಾಚಿದ ತುದಿಗಳಾಗಲಿ ಇರಬಾರದು. ಫುಟ್‌ಬಾಲ್‌ನ ಷರತ್ತುಗಳೂ ಬಹುಮಟ್ಟಿಗೆ ಇವೇ. ಅಲ್ಲಿ ಶಿರವಸ್ತ್ರವನ್ನು ಅಂಗಿಗೆ ಜೋಡಿಸುವಂತಿಲ್ಲ.

ಉಳಿದ ಆಟಗಳ ಕಥೆ ಸಂಕ್ಷಿಪ್ತ. ಭಾರ ಎತ್ತುವ ಸ್ಪರ್ಧೆಯಲ್ಲಿ ಮೈತುಂಬುವ ಉಡುಪಿಗೆ 2011ರಲ್ಲಿ, ಬಾಕ್ಸಿಂಗ್‌ನಲ್ಲಿ ಹಿಜಾಬ್‌ಗೆ 2019ರಲ್ಲಿ ಒಪ್ಪಿಗೆ ದೊರೆಯಿತು. ಅಥ್ಲೆಟಿಕ್ಸ್‌ನಲ್ಲಿ ತಡೆಯೇ ಇರಲಿಲ್ಲ. ಬಹರೇನಿನ ರುಕಯಾ ಅಲ್ ಘಸ್ರಾ ತಲೆ ಮುಚ್ಚಿದ ಉಡುಪಿನಲ್ಲೇ ಓಡಿ 2006ರ ದೋಹಾ ಏಷ್ಯನ್ ಕೂಟದ 200 ಮೀಟರ್ ಚಿನ್ನ ಗೆದ್ದಿದ್ದರು. ಅಮೆರಿಕದ ಇಬ್ತಿಹಾಜ್ ಮುಹಮ್ಮದ್ 2016ರ ರಿಯೊ ಒಲಿಂಪಿಕ್ಸ್‌ನ ಕತ್ತಿವರಸೆಯಲ್ಲಿ ತಂಡದ ಕಂಚು ಪಡೆದರು. ಜೂಡೊ ಮಾತ್ರ ಬಿಗಿಯಾಗಿಯೇ ಉಳಿಯಿತು. 2012ರಲ್ಲಿ ಸೌದಿಯ ವುಜ್ದಾನ್ ಶಹರ್ಕಾನಿ ಅವರಿಗೆ ಕೊನೆ ಗಳಿಗೆಯಲ್ಲಿ ವಿಶೇಷ ಟೊಪ್ಪಿಗೆಯ ಅನುಮತಿ ಸಿಕ್ಕಿತ್ತಾದರೂ, 2018ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಇಂಡೊನೇಷ್ಯಾದ ಅಂಧ ಜೂಡೊ ಪಟು ಮಿಫ್ತಾಹುಲ್ ಜನ್ನಾ ಶಿರವಸ್ತ್ರ ತೆಗೆಯದ ಕಾರಣಕ್ಕೆ ಅನರ್ಹರಾದರು. ಇತ್ತ ಫ್ರಾನ್ಸ್ ಎದುರು ದಿಕ್ಕಿನಲ್ಲಿ ನಡೆದಿದೆ: ಅಲ್ಲಿನ ಫುಟ್‌ಬಾಲ್ ಒಕ್ಕೂಟದ ಹಿಜಾಬ್ ನಿಷೇಧವನ್ನು ಆ ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯ 2023ರ ಜೂನ್‌ನಲ್ಲಿ ಎತ್ತಿಹಿಡಿಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ಓಟಗಾರ್ತಿ ಸೂಂಕಂಬಾ ಸಿಲ್ಲಾ ಹಿಜಾಬ್ ಬದಲು ಟೊಪ್ಪಿಗೆ ಧರಿಸಿ ಪಾಲ್ಗೊಳ್ಳಬೇಕಾಯಿತು.

ಕಬಡ್ಡಿ ಕಲಿಸಿದ ಪಾಠ

ಅಳ್ನಾವರದಂಥ ಊರಿಗೆ ಮುಖ್ಯವಾದದ್ದು ಕಬಡ್ಡಿ. ಮೈಗೆ ಮೈ ತಾಗುವ, ಕಾಲು-ಸೊಂಟ ಹಿಡಿದು ಕೆಡಹುವ ಈ ಆಟದಲ್ಲಿ ತಲೆಯುಡುಪು ಅಡ್ಡಿಯಾಗದಿರದು ಎಂದು ಹೊರನೋಟಕ್ಕೆ ತೋರುತ್ತದೆ. ಇರಾನಿನ ಮಹಿಳೆಯರು ಅದನ್ನು ಸುಳ್ಳು ಮಾಡಿದ್ದಾರೆ. 2010ರಲ್ಲಿ ಮಹಿಳಾ ಕಬಡ್ಡಿ ಏಷ್ಯನ್ ಕೂಟಕ್ಕೆ ಸೇರಿದಂದಿನಿಂದ ಅವರು ತಲೆ ಮುಚ್ಚಿ, ತುಂಬುತೋಳು ಮತ್ತು ಪೂರ್ಣ ಪ್ಯಾಂಟು ತೊಟ್ಟೇ ಆಡುತ್ತ ಬಂದಿದ್ದಾರೆ. 2012ರಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಅವರನ್ನು 25-19ರಿಂದ ಮಣಿಸಿದ ಭಾರತ ತಂಡದ ನಾಯಕಿ ನಮ್ಮ ಕಾರ್ಕಳ ಕಡೆಯ ಮಮತಾ ಪೂಜಾರಿ. 2014ರ ಇಂಚೆನ್ ಫೈನಲ್‌ನಲ್ಲೂ ಭಾರತವೇ ಗೆದ್ದಿತು. 2018ರ ಜಕಾರ್ತಾ ಫೈನಲ್‌ನಲ್ಲಿ ಲೆಕ್ಕ ತಲೆಕೆಳಗಾಯಿತು: ಇರಾನ್ 27, ಭಾರತ 24. ಆ ಇರಾನ್ ತಂಡವನ್ನು ಪಳಗಿಸಿದ ತರಬೇತುದಾರರು ನಾಸಿಕದ ಶೈಲಜಾ ಜೈನ್. ಶಿರವಸ್ತ್ರದಿಂದ ದಾಳಿ ಮೊಂಡಾಗುತ್ತದೆ ಎನ್ನುವವರಿಗೆ ಆ ಪಂದ್ಯದ ಅಂಕಪಟ್ಟಿಗಿಂತ ಬೇರೆ ಉತ್ತರ ಬೇಕಿಲ್ಲ.

ಇರಾನಿನ ಉದಾಹರಣೆಗೆ ಇನ್ನೊಂದು ಮುಖವೂ ಇದೆ, ಅದನ್ನು ಮರೆಮಾಚಲಾಗದು. ಅಲ್ಲಿ ಶಿರವಸ್ತ್ರ ಕಾನೂನಿನ ಕಡ್ಡಾಯ. ಟೆಹರಾನ್‌ನ ಏಷ್ಯನ್ ಏರ್‌ಗನ್ ಸ್ಪರ್ಧೆಯಿಂದ ಶೂಟರ್ ಹೀನಾ ಸಿಧು 2016ರಲ್ಲಿ, ಹಮದಾನ್‌ನ ಏಷ್ಯನ್ ಚೆಸ್ ಪಂದ್ಯಾವಳಿಯಿಂದ ಸೌಮ್ಯಾ ಸ್ವಾಮಿನಾಥನ್ 2018ರಲ್ಲಿ ಹಿಂದೆ ಸರಿದದ್ದು ಈ ಕಡ್ಡಾಯವನ್ನು ಒಪ್ಪದೆ. 2022ರ ಅಕ್ಟೋಬರ್‌ನಲ್ಲಿ ಸೋಲ್‌ನಲ್ಲಿ ಆರೋಹಣ ಪಟು ಎಲ್ನಾಝ್ ರೆಕಾಬಿ, ಡಿಸೆಂಬರ್‌ನಲ್ಲಿ ಅಲ್ಮಾಟಿಯಲ್ಲಿ ಚೆಸ್ ಆಟಗಾರ್ತಿ ಸಾರಾ ಖಾದೆಮ್ ತಲೆ ಮುಚ್ಚದೆ ಸ್ಪರ್ಧಿಸಿದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ಕತಾರಿನ ಹುಡುಗಿಯರು ತೆಗೆಯಲೊಪ್ಪದೆ ಕಳೆದುಕೊಂಡದ್ದನ್ನೇ ಹೀನಾ, ಸೌಮ್ಯಾ ತೊಡಲೊಪ್ಪದೆ ಕಳೆದುಕೊಂಡರು: ಆಡುವ ಅವಕಾಶ.

ಸಂಕೋಚ ಒಂದೇ ಧರ್ಮದ್ದಲ್ಲ

ಮೈ ಮುಚ್ಚುವ ಉಡುಪಿನ ಪ್ರಶ್ನೆ ಶಿರವಸ್ತ್ರಕ್ಕಿಂತ ವಿಶಾಲವಾದದ್ದು. ಧಾರವಾಡ ಸೀಮೆಯ ಹಳ್ಳಿಗಳಲ್ಲಿ ತಲೆಯ ಮೇಲೆ ಸೆರಗು ಹೊದ್ದ ಅಜ್ಜಿಯಂದಿರು ಎಲ್ಲ ಜಾತಿಗಳಲ್ಲೂ ಉಂಟು. ಪಟಗಾ ಸುತ್ತದೆ ಹೊರಗೆ ಹೊರಡದ ಹಿರಿಯರೂ ಇದ್ದರು. ಅಳ್ನಾವರಕ್ಕೆ ನೆರೆಯ ಹಳಿಯಾಳ ಕುಸ್ತಿಗೆ ಹೆಸರಾದದ್ದು. ಮಹಿಳಾ ಕುಸ್ತಿ ಒಲಿಂಪಿಕ್ಸ್ ಸೇರಿದ 2004ರ ಬಳಿಕ ಹೆಣ್ಣುಮಕ್ಕಳೂ ಮ್ಯಾಟ್‌ಗೆ ಇಳಿಯತೊಡಗಿದಾಗ, ಚೂಡಿದಾರದಿಂದ ಮೈಗಂಟಿದ ಕುಸ್ತಿ ಉಡುಪಿಗೆ ಬದಲಾಗುವ ಸಂಕೋಚ ಯಾವ ಮನೆಗೂ ಸಣ್ಣದಾಗಿರಲಿಲ್ಲ. ಸಾನಿಯಾ ಮಿರ್ಜಾ ಅವರ ಟೆನಿಸ್ ಲಂಗದ ಮೇಲೆ 2005ರಲ್ಲಿ ಧರ್ಮಗುರುವೊಬ್ಬರು ಆಕ್ಷೇಪವೆತ್ತಿದ್ದು ದೇಶಕ್ಕೇ ಗೊತ್ತು. ಬ್ಯಾಡ್ಮಿಂಟನ್‌ನ ವಿಶ್ವ ಒಕ್ಕೂಟ 2011ರಲ್ಲಿ ಆಟಗಾರ್ತಿಯರೆಲ್ಲ ಲಂಗವನ್ನೇ ತೊಡಬೇಕೆಂದು ನಿಯಮ ಮಾಡಹೊರಟು, ವಿರೋಧ ಬಂದು, 2012ರಲ್ಲಿ ಕೈಬಿಟ್ಟದ್ದು ಅಷ್ಟಾಗಿ ನೆನಪಿನಲ್ಲಿಲ್ಲ. 2021ರಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ತಂಡ ಬಿಕಿನಿಯ ಬದಲು ಚಡ್ಡಿ ತೊಟ್ಟದ್ದಕ್ಕೆ 1500 ಯೂರೊ ದಂಡ ತೆತ್ತಿತು. ಅದೇ ವರ್ಷ ಆ ನಿಯಮವೂ ಬದಲಾಯಿತು.

ಇನ್ನು ವಸ್ತ್ರದ ಮಾತು. ಆಟದಲ್ಲಿ ನಿಜವಾಗಿ ಅಪಾಯಕಾರಿಯಾದದ್ದು ಬಟ್ಟೆಗಿಂತ ಅದಕ್ಕೆ ಚುಚ್ಚುವ ಪಿನ್ನು ಹಾಗೂ ಜೋತಾಡುವ ಅಂಚು. ನೆದರ್ಲೆಂಡ್ಸ್‌ನ ವಿನ್ಯಾಸಗಾರ್ತಿ ಸಿಂಡಿ ವಾನ್ ಡೆನ್ ಬ್ರೆಮೆನ್ 1999ರಲ್ಲೇ, ಶಾಲೆಯ ವ್ಯಾಯಾಮ ತರಗತಿಯಿಂದ ಹೊರಗುಳಿಯುತ್ತಿದ್ದ ಹುಡುಗಿಯರಿಗಾಗಿ ಪಿನ್ನಿಲ್ಲದ ಟೊಪ್ಪಿಗೆಯನ್ನು ರೂಪಿಸಿದ್ದರು. ನೈಕಿ ಕಂಪನಿ ಅಂಥದನ್ನು ಮಾರುಕಟ್ಟೆಗೆ ತಂದದ್ದು 2017ರಲ್ಲಿ. ಹಿಗ್ಗುವ ಹೊಸೈರಿ ಬಟ್ಟೆ ದೊರೆತರೆ, ತಲೆಗೆ ಬಿಗಿಯಾಗಿ ಕೂರುವ ಇಂಥ ಟೊಪ್ಪಿಗೆಯನ್ನು ಊರಿನ ದರ್ಜಿಯೂ ಹೊಲಿದುಕೊಡಬಲ್ಲರು. ಉಳಿಯುವುದು ಬಣ್ಣದ ಷರತ್ತು. ತಂಡದ ಜೆರ್ಸಿಗೆ ಅಳತೆ ಕೊಡುವುದು ಪಂದ್ಯಕ್ಕೆ ಎಷ್ಟೋ ದಿನ ಮೊದಲೇ ಆದ್ದರಿಂದ, ದೈಹಿಕ ಶಿಕ್ಷಣ ಶಿಕ್ಷಕರು ಆ ಪಟ್ಟಿಯಲ್ಲಿ ಅದೇ ಬಣ್ಣದ ಒಂದು ಟೊಪ್ಪಿಗೆಯನ್ನೂ ಬರೆಸಿ, ಸಂಘಟಕರಿಗೆ ಮುಂಚಿತವಾಗಿ ತಿಳಿಸಿಟ್ಟರೆ, ಧಾರವಾಡದ ಅಂಕಣದ ಅಂಚಿನಲ್ಲಿ ನಿರ್ಣಾಯಕರಿಗೆ ಪರೀಕ್ಷಿಸಲು ಉಳಿಯುವುದು ಉಗುರು ಮತ್ತು ಬಳೆ ಮಾತ್ರ.