ವಿಯೆನ್ನಾದ ಕಾಫಿಹೌಸ್

1685ರಲ್ಲಿ ಆರ್ಮೇನಿಯನ್ ವರ್ತಕ ಯೋಹಾನೆಸ್ ದಿಯೋದಾತೋ ವಿಯೆನ್ನಾದಲ್ಲಿ ಕಾಫಿ ಮಾರಲು ಪರವಾನಗಿ ಪಡೆದರು. ನಗರದ ಕಾಫಿಹೌಸ್ ಪರಂಪರೆಗೆ ನಾಂದಿಯಾದದ್ದು ಹೀಗೆ.

ಒಳಗೆ ಕಾಲಿಟ್ಟರೆ ಅಮೃತಶಿಲೆಯ ಮೇಜು, ಬೀಚ್ ಮರವನ್ನು ಹಬೆಯಲ್ಲಿ ಬಾಗಿಸಿ ಮಾಡಿದ ಥೋನೆಟ್ ಕುರ್ಚಿ, ಮರದ ಹಿಡಿಕೆಗೆ ಸಿಕ್ಕಿಸಿಟ್ಟ ದಿನಪತ್ರಿಕೆಗಳು. ಕಪ್ಪು ಕೋಟಿನ ಮಾಣಿ ಪುಟ್ಟ ಲೋಹದ ತಟ್ಟೆಯಲ್ಲಿ ನೊರೆಹಾಲಿನ 'ಮೆಲಾಂಜ್' ಕಾಫಿ ತಂದಿಡುತ್ತಾನೆ. ಪಕ್ಕದಲ್ಲೇ ಒಂದು ಲೋಟ ನೀರು. ಒಂದೇ ಕಪ್ ಹೇಳಿ ಗಂಟೆಗಟ್ಟಲೆ ಕೂತರೂ ಯಾರೂ ಏಳಿ ಅನ್ನುವುದಿಲ್ಲ.

1876ರಲ್ಲಿ ಆರಂಭವಾದ ಕೆಫೆ ಸೆಂಟ್ರಲ್ ಸಾಹಿತಿಗಳ ಕಾಯಂ ಅಡ್ಡೆಯಾಗಿತ್ತು. ಲೇಖಕ ಪೀಟರ್ ಆಲ್ಟೆನ್‌ಬರ್ಗ್ ತಮ್ಮ ವಿಳಾಸವೆಂದು ಕೊಡುತ್ತಿದ್ದುದೇ ಈ ಕೆಫೆಯನ್ನು. ದೇಶ ಬಿಟ್ಟು ಬಂದಿದ್ದ ರಷ್ಯಾದ ಕ್ರಾಂತಿಕಾರಿ ಟ್ರಾಟ್‌ಸ್ಕಿ ಇಲ್ಲಿ ಚದುರಂಗ ಆಡುತ್ತಿದ್ದರು.

2011ರಲ್ಲಿ ಈ ಕಾಫಿಹೌಸ್ ಸಂಸ್ಕೃತಿ ಆಸ್ಟ್ರಿಯಾದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿತು.