ಬೇಸಿಗೆಗೆ ಹೊಸತಾಗುವ ಹಸೆಗೋಡೆ

ಕಣದ ಕೆಲಸ ಮುಗಿದು, ಭತ್ತ ಪಣತ ಸೇರಿ, ಬಿಸಿಲು ಬಲಿಯತೊಡಗಿತೆಂದರೆ ಮಲೆನಾಡಿನ ಹಳ್ಳಿಗಳಲ್ಲಿ ಹಿಂದೆ ಎರಡು ಕೆಲಸಗಳು ಜೊತೆಜೊತೆಯಾಗಿ ಮೊದಲಾಗುತ್ತಿದ್ದವು. ಒಂದು ಮದುವೆಯ ಸಿದ್ಧತೆ, ಇನ್ನೊಂದು ಗೋಡೆಯ ದುರಸ್ತಿ. ತಿಂಗಳುಗಟ್ಟಲೆ ಸುರಿದ ಮಳೆಗೆ ಮಣ್ಣಿನ ಗೋಡೆ ಬುಡದಲ್ಲಿ ಥಂಡಿ ಹಿಡಿದಿರುತ್ತಿತ್ತು, ಅಲ್ಲಲ್ಲಿ ಮೆತ್ತಿದ ಮಣ್ಣು ಉದುರಿರುತ್ತಿತ್ತು. ಗೋಡೆ ಚೆನ್ನಾಗಿ ಒಣಗಿದ ಮೇಲೆ ಬಿರುಕು ಮುಚ್ಚಿ, ನಯಗೊಳಿಸಿ, ಕೆಮ್ಮಣ್ಣು ಬಳಿಯಬೇಕು. ಆ ಕೆಂಪು ನೆಲೆಯ ಮೇಲೆ ಮೂಡುತ್ತಿದ್ದುದೇ ಹಸೆ ಚಿತ್ತಾರ.

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರದ ಕಡೆಯಲ್ಲೂ ಉತ್ತರ ಕನ್ನಡದ ಸಿದ್ದಾಪುರದ ಸೀಮೆಯಲ್ಲೂ ನೆಲೆಸಿರುವ ದೀವರ ಹೆಣ್ಣುಮಕ್ಕಳ ಕೈಯಲ್ಲಿ ಬೆಳೆದ ಕಲೆ ಇದು. ಹಸೆ ಎಂದರೆ ಮದುಮಕ್ಕಳು ಕೂರುವ ಮಂಗಳಸ್ಥಾನ. ಅದರ ಹಿಂದಿನ ಗೋಡೆಯೇ ಹಸೆಗೋಡೆ. ಅಲ್ಲಿ ಚಿತ್ತಾರವಿಲ್ಲದೆ ಹಸೆಗೆ ಕಳೆಯಿಲ್ಲ. ಹಾಗಾಗಿ ಇದನ್ನು ಬರಿಯ ಅಲಂಕಾರ ಎನ್ನುವಂತಿಲ್ಲ. ಇದು ಮದುವೆಯ ವಿಧಿಯದೇ ಒಂದು ಭಾಗ.

ಇದಕ್ಕೆ ಬೇಕಾದ ಸಾಮಗ್ರಿಯೆಲ್ಲ ಮನೆಯ ಸುತ್ತಮುತ್ತಲೇ ಸಿಗುವಂಥದು. ನೆಲೆಗೆ ಕೆಮ್ಮಣ್ಣು. ಬಿಳಿಗೆ ನೆನೆಸಿ ನುಣ್ಣಗೆ ಅರೆದ ಅಕ್ಕಿ. ಕಪ್ಪಿಗೆ ಸೀಯುವಂತೆ ಹುರಿದ ಅಕ್ಕಿ. ಹಳದಿಗೆ ಗುರಿಗೆ ಕಾಯಿಯ ಬೀಜ. ಕುಂಚವೆಂದರೆ ತುದಿಯನ್ನು ಹದಮಾಡಿದ ಪುಂಡಿನಾರು. ಅಕ್ಕಿಯಲ್ಲಿರುವ ಗಂಜಿಯೇ ಬಣ್ಣವನ್ನು ಗೋಡೆಗೆ ಹಿಡಿಸುವ ಅಂಟು. ಮಣ್ಣಿನ ಗೋಡೆ ನೀರನ್ನು ಹೀರಿಕೊಳ್ಳುವುದರಿಂದ ಎಳೆದ ಗೆರೆ ಹರಡದೆ ನಿಂತಲ್ಲೇ ನಿಲ್ಲುತ್ತದೆ. ಬಣ್ಣ, ಕುಂಚ, ಗೋಡೆ ಮೂರೂ ಒಂದಕ್ಕೊಂದು ಹೊಂದಿಕೊಂಡೇ ಬೆಳೆದಿವೆ.

ಚಿತ್ತಾರದ ಜೀವಾಳ ಗೆರೆ. ಅದನ್ನು ‘ಎಳೆ’ ಎನ್ನುವುದು ವಾಡಿಕೆ. ಮೊದಲು ಚೌಕದ ಅಂಚುಗಳು. ಬಳಿಕ ಒಳಗೆ ನೇರ ಗೆರೆ, ಓರೆ ಗೆರೆ, ತ್ರಿಕೋನಗಳ ನೇಯ್ಗೆ. ಜೋಗಿಜಡೆ, ಬಾಸಿಂಗ ಮುಂತಾದ ಹೆಸರಿನ ವಿನ್ಯಾಸಗಳು ಇಲ್ಲಿ ಸೇರುತ್ತವೆ. ನಡುವೆ ಮಂಟಪ, ಅದರೊಳಗೆ ಮದುಮಕ್ಕಳು. ಹೊರಗಿನವರ ಕಣ್ಣಿಗೆ ಇದು ಬರಿಯ ರೇಖಾಗಣಿತದಂತೆ ಕಂಡೀತು. ಬಲ್ಲವರಿಗೆ ಅದೊಂದು ತುಂಬಿದ ಮನೆ. ಅಳತೆಪಟ್ಟಿಯಿಲ್ಲ, ಮಾದರಿ ಪುಸ್ತಕವಿಲ್ಲ. ಹಿರಿಯಳು ಎಳೆಯುತ್ತಿದ್ದಳು, ಕಿರಿಯಳು ಪಕ್ಕದಲ್ಲಿ ಕುಳಿತು ತುಂಬುತ್ತಿದ್ದಳು, ಜೊತೆಗೆ ಹಾಡು ಸಾಗುತ್ತಿತ್ತು.

ಇಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ಈ ಚಿತ್ತಾರ ಬಾಳಲೆಂದು ಬರೆದದ್ದಲ್ಲ. ಅಡಿಗೆಯ ಹೊಗೆ ಅದನ್ನು ಮಸುಕಾಗಿಸುತ್ತಿತ್ತು, ಮಳೆಗಾಲದ ಥಂಡಿ ಕೆಡಿಸುತ್ತಿತ್ತು. ಮುಂದಿನ ಮದುವೆಗೆ ಮನೆಯವರೇ ಹಳೆಯದರ ಮೇಲೆ ಕೆಮ್ಮಣ್ಣು ಬಳಿಯುತ್ತಿದ್ದರು. ಹೀಗೆ ಅಳಿಸಿ ಬರೆಯುವುದರಿಂದಲೇ ಕಲೆ ಉಳಿಯಿತು. ಪ್ರತಿ ಸಲ ಅಳಿಸಿದಾಗಲೂ ಹೊಸದೊಂದು ಕೈಗೆ ಕಲಿಯುವ ಅವಕಾಶ. ಶಾಶ್ವತವಾಗಿ ನಿಲ್ಲುವ ಚಿತ್ರವಾಗಿದ್ದರೆ ಮಗಳು ಅಮ್ಮನ ಪಕ್ಕ ಕುಳಿತು ಪುಂಡಿನಾರು ಹಿಡಿಯುವ ಪ್ರಮೇಯವೇ ಬರುತ್ತಿರಲಿಲ್ಲ.

ಹಾಗಾದರೆ ಗೋಡೆ ಬರಿದಾದದ್ದು ಹೇಗೆ? ಉತ್ತರ ಆ ಸೀಮೆಯ ಚರಿತ್ರೆಯಲ್ಲೇ ಇದೆ. ದೀವರಲ್ಲಿ ಬಹುಪಾಲು ಜನ ಗೇಣಿದಾರರು. ಭತ್ತ ಅಳೆಯುವ ಕೊಳಗದ ಪ್ರಶ್ನೆಯಿಂದ ಹೊತ್ತಿಕೊಂಡ 1951ರ ಕಾಗೋಡು ಸತ್ಯಾಗ್ರಹದಲ್ಲಿ ಮುಂದೆ ನಿಂತವರು ಅವರೇ. 1964ರ ಹೊತ್ತಿಗೆ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ಹಿನ್ನೀರಿನಲ್ಲಿ ಮುಳುಗಿದವು. ಮನೆಗಳೊಂದಿಗೆ ಗೋಡೆಗಳೂ ಮುಳುಗಿದವು, ಒಟ್ಟಿಗೆ ಕೂತು ಬರೆಯುತ್ತಿದ್ದ ನೆರೆಹೊರೆ ಚದುರಿತು. ಮುಂದೆ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಉಳುವವನು ಹೊಲದೊಡೆಯನಾದ. ಕೈಯಲ್ಲಿ ನಾಲ್ಕು ಕಾಸು ಓಡಾಡಿದಾಗ ಮೊದಲು ಬದಲಾಗುವುದು ಮನೆ. ಮಣ್ಣಿನ ಗೋಡೆ ಹೋಗಿ ಸಿಮೆಂಟು ಗಿಲಾವು ಬಂತು. ಮದುವೆ ಕಲ್ಯಾಣ ಮಂಟಪಕ್ಕೆ ಹೋಯಿತು. ಅದನ್ನು ತಪ್ಪೆನ್ನುವಂತಿಲ್ಲ. ಮಳೆಗಾಲದ ಥಂಡಿ ಗೋಡೆಯ ಪಕ್ಕದಲ್ಲಿ ಮಲಗಿದವರಿಗೆ ಸಿಮೆಂಟಿನ ಬೆಲೆ ಗೊತ್ತು.

ಇಂಥದೇ ಕವಲುದಾರಿ ಬಿಹಾರದ ಮಿಥಿಲೆಗೂ ಎದುರಾಗಿತ್ತು. 1934ರ ಭೂಕಂಪದಲ್ಲಿ ಕುಸಿದ ಮನೆಗಳ ಒಳಗೋಡೆಗಳಲ್ಲಿ ಮದುವೆಯ ಚಿತ್ರಗಳನ್ನು ಕಂಡು ಬೆರಗಾದವರು ಡಬ್ಲ್ಯು. ಜಿ. ಆರ್ಚರ್ ಎಂಬ ಬ್ರಿಟಿಷ್ ಅಧಿಕಾರಿ. 1966-67ರ ಬರಗಾಲದಲ್ಲಿ, ಪುಪುಲ್ ಜಯಕರ್ ಅವರ ಮುತುವರ್ಜಿಯಿಂದ, ಅಲ್ಲಿನ ಹೆಂಗಸರ ಕೈಗೆ ಕಾಗದ ಬಂತು. ಗೋಡೆಯ ಚಿತ್ರ ಹೊಟ್ಟೆಪಾಡಿನ ದಾರಿಯಾಯಿತು, ಮಧುಬನಿ ಎಂಬ ಹೆಸರು ಲೋಕಪ್ರಸಿದ್ಧವಾಯಿತು.

ಹಸೆ ಚಿತ್ತಾರವೂ ಈಗ ಕಾಗದ, ಬಟ್ಟೆ, ಹಲಗೆಗಳ ಮೇಲೆ ಇಳಿದಿದೆ. ಗಂಡಸರೂ ಬರೆಯುತ್ತಾರೆ, ಪೇಟೆಯ ಮನೆಗಳ ಗೋಡೆಗೂ ಅದು ಏರಿದೆ. ಇದರಿಂದ ಕಲಾವಿದರಿಗೆ ಒಂದಿಷ್ಟು ಆದಾಯ, ಮನ್ನಣೆ ದೊರೆತಿವೆ. ಆದರೆ ಚೌಕಟ್ಟಿನೊಳಗಿನ ಚಿತ್ತಾರ ಮಾಸುವುದಿಲ್ಲ. ಮಾಸದ ಮೇಲೆ ಮತ್ತೆ ಬರೆಯಬೇಕಾಗಿಯೂ ಇಲ್ಲ. ಕೊಂಡವರ ಮನೆಯಲ್ಲಿ ಚಿತ್ರ ಉಳಿಯುತ್ತದೆ. ಬರೆದವರ ಮನೆಯಲ್ಲಿ ಬರೆಯುವ ಕೈ ಉಳಿಯಬೇಕಾದರೆ ಬೇರೆ ದಾರಿಯೇ ಬೇಕು.

ಆ ದಾರಿ ತೀರ ದೂರದ್ದೇನಲ್ಲ. ಬೇಸಿಗೆಯ ರಜೆಯಲ್ಲಿ ಹಳ್ಳಿಯ ಶಾಲೆಯ ಒಂದು ಗೋಡೆಗೆ ಕೆಮ್ಮಣ್ಣು ಮೆತ್ತಿ, ಬಲ್ಲ ಅಜ್ಜಿಯೊಬ್ಬಳನ್ನು ಕರೆಸಿ, ಮಕ್ಕಳ ಕೈಗೆ ಪುಂಡಿನಾರು ಕೊಟ್ಟರೆ ಸಾಕು. ಮಳೆಗೆ ಅದು ಅಳಿಸಿಹೋದರೆ ಬೇಸರಪಡಬೇಕಾದ್ದಿಲ್ಲ. ಮರುವರ್ಷ ಬೇಸಿಗೆ ಬಂದೇ ಬರುತ್ತದೆ.