ಚರ್ಚ್‌ಗೇಟ್: ಒಂದು ರೈಲ್ವೆ ನಿಲ್ದಾಣದ ಚರಿತ್ರೆ

ಪಟ್ಟಾಭಿಷೇಕಗಳನ್ನೂ ಯುದ್ಧಗಳನ್ನೂ ಬಿಟ್ಟರೆ ಚರಿತ್ರೆಗೆ ವಸ್ತುವೇ ಇಲ್ಲವೆಂದು ಭಾವಿಸುವವರು ಇನ್ನೂ ಇದ್ದಾರೆ. ಆದರೆ ಒಂದು ಮಹಾನಗರದ ಜನರು ದಿನವೂ ಬೆಳಿಗ್ಗೆ ಎಲ್ಲಿ ಇಳಿದು ಸಂಜೆ ಎಲ್ಲಿ ಬಂಡಿ ಹತ್ತುವರೋ ಆ ಸ್ಥಳಕ್ಕೂ ಚರಿತ್ರೆಯುಂಟು. ಮುಂಬಯಿಯ ಚರ್ಚ್‌ಗೇಟ್ ನಿಲ್ದಾಣವು ಇದಕ್ಕೆ ಒಳ್ಳೆಯ ನಿದರ್ಶನ.

ಮೊದಲು ಹೆಸರನ್ನೇ ವಿಚಾರಿಸೋಣ. ಮುಂಬಯಿಯ ಕೋಟೆಗೆ ಹಿಂದೆ ಮೂರು ದೊಡ್ಡ ಬಾಗಿಲುಗಳಿದ್ದುವು. 1718ರಲ್ಲಿ ಪ್ರಾರ್ಥನೆಗೆ ತೆರೆದ ಸಂತ ತೋಮಸರ ದೇವಾಲಯಕ್ಕೆ ಹೋಗುವ ಹಾದಿಯ ಬಾಗಿಲೇ ಚರ್ಚ್ ಗೇಟ್. ಬಾರ್ಟಲ್ ಫ್ರಿಯರ್ ಗವರ್ನರಾಗಿದ್ದಾಗ, 1860ರ ದಶಕದಲ್ಲಿ, ಕೋಟೆಯ ಗೋಡೆಗಳನ್ನು ಕೆಡವಿದರು. ಬಾಗಿಲು ಹೋಯಿತು, ಹೆಸರು ಉಳಿಯಿತು.

ಅದೇ ಕಾಲಕ್ಕೆ ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ ಕಂಪೆನಿಯು ಉತ್ತರದಿಂದ ದಾರಿ ಹಾಕುತ್ತ ನಗರವನ್ನು ಮುಟ್ಟಿತು. 1867ನೆಯ ಇಸವಿ ಏಪ್ರಿಲ್ 12ರಂದು ವಿರಾರಿನಿಂದ ಬ್ಯಾಕ್ ಬೇವರೆಗೆ ಉಪನಗರದ ಬಂಡಿ ಆರಂಭವಾಯಿತು. 1870ರಲ್ಲಿ ಚರ್ಚ್‌ಗೇಟ್ ನಿಲ್ದಾಣವು ಹುಟ್ಟಿತು. ಆಗ ಹಳಿಗಳ ಪಕ್ಕದಲ್ಲಿಯೇ ಸಮುದ್ರ. ಇಂದು ನಿಲ್ದಾಣಕ್ಕೂ ನೀರಿಗೂ ನಡುವೆ ಕಾಣುವ ಬೀದಿಗಳೂ ಮನೆಗಳೂ ಕಡಲನ್ನು ತುಂಬಿ ಪಡೆದ ನೆಲದ ಮೇಲೆ ನಿಂತಿವೆ.

ಮೊದಲು ಇದು ದಾರಿಯ ಕೊನೆಯಾಗಿರಲಿಲ್ಲ. ಬಂಡಿಗಳು ಮುಂದೆ ಕೊಲಾಬಾದವರೆಗೆ ಹೋಗುತ್ತಿದ್ದುವು. 1928ನೆಯ ಜನವರಿ 5ರಂದು ಕೊಲಾಬಾ-ಬೋರಿವಲಿ ದಾರಿಯಲ್ಲಿ ವಿದ್ಯುತ್ ಬಂಡಿಗಳು ಓಡಿದುವು. 1930ರ ಡಿಸೆಂಬರಿನಲ್ಲಿ ದೂರಪ್ರಯಾಣಕ್ಕಾಗಿ ಬಾಂಬೆ ಸೆಂಟ್ರಲ್ ನಿಲ್ದಾಣವು ತೆರೆಯಿತು. ಆ ವರ್ಷದ ಕೊನೆಗೆ ಕೊಲಾಬಾ ಮುಚ್ಚಿತು. ಅಂದಿನಿಂದ ಚರ್ಚ್‌ಗೇಟ್ ಕೇವಲ ದಿನನಿತ್ಯದ ಪ್ರಯಾಣಿಕರ ನಿಲ್ದಾಣವಾಯಿತು. ಇಲ್ಲಿ ಹಾಸಿಗೆ ಪೆಟ್ಟಿಗೆಗಳ ರಾಶಿಯಿಲ್ಲ, ಬೀಳ್ಕೊಡುವವರ ಕಣ್ಣೀರಿಲ್ಲ. ಕೈಚೀಲ ಮತ್ತು ಗಡಿಯಾರ, ಇಷ್ಟೇ.

ಇಲ್ಲಿರುವ ಪ್ಲಾಟ್‌ಫಾರಮ್ಮುಗಳು ನಾಲ್ಕೇ. ಇಷ್ಟರಿಂದ ಹೇಗೆ ಸಾಗುವುದೆಂದು ಕೇಳಬಹುದು. ಉಗಿಬಂಡಿಯಾದರೆ ಕೊನೆಯ ನಿಲ್ದಾಣದಲ್ಲಿ ಎಂಜಿನನ್ನು ಕಳಚಿ ಇನ್ನೊಂದು ತುದಿಗೆ ಒಯ್ಯಬೇಕು. ವಿದ್ಯುತ್ ಬಂಡಿಗೆ ಎರಡು ತುದಿಗಳಲ್ಲಿಯೂ ಚಾಲಕನ ಕೋಣೆಯುಂಟು. ಬಂದ ಬಂಡಿಯು ಕೆಲವೇ ನಿಮಿಷಗಳಲ್ಲಿ ಹಿಂದಿರುಗುವುದು. 12 ಮತ್ತು 15 ಡಬ್ಬಿಗಳ ಬಂಡಿಗಳು ಬರುತ್ತವೆ. ವಿರಾರಿಗೆ ಸುಮಾರು 60 ಕಿಲೋಮೀಟರು, 2013ರಿಂದ ಅದರಾಚೆ ದಹಾಣು ರೋಡಿನವರೆಗೂ ಸೇವೆ ಬೆಳೆದಿದೆ. 1992ರಲ್ಲಿ ಚರ್ಚ್‌ಗೇಟ್-ಬೋರಿವಲಿ ನಡುವೆ ಕೇವಲ ಸ್ತ್ರೀಯರಿಗಾಗಿ ಇಡೀ ಒಂದು ಬಂಡಿಯನ್ನೇ ಓಡಿಸಿದರು. 2017ರ ಡಿಸೆಂಬರ್ 25ರಂದು ಹವಾನಿಯಂತ್ರಿತ ಬಂಡಿಯೂ ಬಂದಿತು. ಮಧ್ಯಾಹ್ನಕ್ಕೆ ಮುಂಚೆ ಡಬ್ಬಾವಾಲರು ತಲೆಯ ಮೇಲೆ ಊಟದ ಡಬ್ಬಿಗಳನ್ನು ಹೊತ್ತು ಇಳಿಯುವುದನ್ನೂ ಇಲ್ಲಿ ಕಾಣಬಹುದು. ನಮ್ಮ ಕರಾವಳಿಯಿಂದ ಹೋಗಿ, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ಎಷ್ಟೋ ಕನ್ನಡಿಗರ ಬಾಳೂ ಮುಂಬಯಿಯ ಈ ಬಂಡಿಗಳನ್ನೇ ನಂಬಿತ್ತು.

ಆದರೆ ಈ ಸೌಕರ್ಯಕ್ಕೆ ತೆರುವ ಬೆಲೆಯನ್ನು ಮರೆಯಲಾಗದು. ಜನದಟ್ಟಣೆಯ ವೇಳೆಯಲ್ಲಿ ಒಂದು ಚದರ ಮೀಟರಿನಷ್ಟು ಜಾಗದಲ್ಲಿ 14ರಿಂದ 16 ಮಂದಿ ನಿಲ್ಲುವುದುಂಟು. ಬಾಗಿಲಲ್ಲಿ ಜೋತು ಬಿದ್ದು ಸಾಯುವವರೂ ಉಂಟು. 2006ರ ಜುಲೈ 11ರ ಸಂಜೆ, ಇಲ್ಲಿಂದ ಹೊರಟ ಏಳು ಬಂಡಿಗಳಲ್ಲಿ ಬಾಂಬುಗಳು ಸಿಡಿದು 180ಕ್ಕೂ ಹೆಚ್ಚು ಜನ ಮಡಿದರು. ಮರುದಿನ ಬೆಳಿಗ್ಗೆ ಬಂಡಿಗಳು ಓಡಿದುವು, ಜನರೂ ಹತ್ತಿದರು. ಇದನ್ನು ನಗರದ ಧೈರ್ಯವೆಂದು ಲೋಕವು ಹೊಗಳಿತು. ಧೈರ್ಯವೇ ಸರಿ, ಆದರೆ ಮನೆ ಒಂದು ಕಡೆ, ಅನ್ನ ಒಂದು ಕಡೆ ಇರುವವನಿಗೆ ಬೇರೆ ದಾರಿ ಯಾವುದಿತ್ತು? ಹೊಗಳಿಕೆಯಿಂದ ಅವನ ಪ್ರಯಾಣ ಸುಗಮವಾಗದು.

ಹಳೆಯ ಕೋಟೆಯ ಬಾಗಿಲು ಯಾರನ್ನು ಹೊರಗಿಡಬೇಕೆಂಬುದನ್ನು ನೋಡುತ್ತಿತ್ತು. ಅದರ ಹೆಸರನ್ನು ಹೊತ್ತ ಈ ನಿಲ್ದಾಣವಾದರೋ ಎಲ್ಲರನ್ನೂ ಒಳಗೆ ಬಿಡುತ್ತದೆ. ಒಳಗೆ ಬಂದವರನ್ನು ಸಂಜೆಗೆ ಕ್ಷೇಮವಾಗಿ ಮನೆ ಸೇರಿಸುವುದೂ ನಗರದ ಧರ್ಮವಲ್ಲವೆ?